ಹಳೇ ಎಂಜಿಬಿಯ ಸೈಲೆನ್ಸರ್: ಸದ್ದು ತಗ್ಗಲಿ, ದನಿ ಉಳಿಯಲಿ

ಓದುಗರ ಪ್ರಶ್ನೆ: ನಮ್ಮ ದೊಡ್ಡಪ್ಪನ 1970ರ ಎಂಜಿಬಿ, ಬ್ರಿಟನ್ನಿನ ಬಟ್ಟೆ ಟಾಪಿನ ಸ್ಪೋರ್ಟ್ಸ್ ಕಾರು, ಈಗ ನನ್ನ ಕೈಗೆ ಬಂದಿದೆ. ನಾವಿರುವುದು ವಿರಾಜಪೇಟೆ ಹತ್ತಿರ, ಕಾಫಿ ತೋಟದ ಮನೆಯಲ್ಲಿ. ಹಿಂದೆ ಯಾವಾಗಲೋ ಕಂಪನಿ ಸೈಲೆನ್ಸರ್ ತೆಗೆಸಿ, ದಪ್ಪ ಪೈಪಿಗೆ ಒಂದೇ ಒಂದು ಸ್ಪೋರ್ಟ್ಸ್ ಸೈಲೆನ್ಸರ್ ಹಾಕಿಸಿದ್ದಾರೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಪಟಪಟ ಅಂತ ಬಡಿಯುತ್ತದೆ, ಲೈನ್ ಮನೆಯ (ತೋಟದ ಕೆಲಸಗಾರರ ಮನೆಸಾಲಿನ) ಮಕ್ಕಳು ಎದ್ದು ಕೂರುತ್ತಾರೆ. ಮೂರನೇ ಗೇರಿನಲ್ಲಿ 50–55 ಕಿ.ಮೀ. ವೇಗಕ್ಕೆ ಬಂದರೆ ಒಳಗೆಲ್ಲ ಗುಂಯ್ ಅನ್ನುತ್ತದೆ, ಅಮ್ಮನಿಗೆ ತಲೆನೋವು. ಸಂಪಾಜೆ ಘಾಟಿ ಇಳಿಯುವಾಗ ಹಿಂದಿನಿಂದ ಚಟ್ ಪಟ್ ಅಂತ ಸಿಡಿಯುತ್ತದೆ. ಗ್ಯಾರೇಜಿನವರು ಇನ್ನೊಂದು ಸೈಲೆನ್ಸರ್ ಸೇರಿಸೋಣ ಅನ್ನುತ್ತಾರೆ. ಸೇರಿಸಿದರೆ ಪವರ್ ಕಡಿಮೆ ಆಗುತ್ತದಾ? ದೊಡ್ಡಪ್ಪನಿಗೆ ಆ ಕಾರಿನ ದನಿ ಅಂದರೆ ಪ್ರಾಣ. ಅದು ಪೂರ್ತಿ ಹೋಗುವುದೂ ನನಗೆ ಬೇಡ.

ಉತ್ತರ: ನೀವು ಬರೆದಿರುವುದರಲ್ಲಿ ಒಂದಲ್ಲ, ಮೂರು ಸದ್ದುಗಳಿವೆ. ಬೆಳಗಿನ ಪಟಪಟ ಒಂದು, ಮೂರನೇ ಗೇರಿನ ಗುಂಯ್ ಇನ್ನೊಂದು, ಇಳಿಜಾರಿನ ಚಟ್ ಪಟ್ ಮತ್ತೊಂದು. ಮೂರಕ್ಕೂ ಕಾರಣ ಒಂದೇ ಅಲ್ಲ, ಮದ್ದೂ ಒಂದೇ ಅಲ್ಲ. ಗ್ಯಾರೇಜಿನವರು ಹೇಳಿದ ಇನ್ನೊಂದು ಸೈಲೆನ್ಸರ್ ಎರಡನೆಯದಕ್ಕೆ ಮಾತ್ರ ಸರಿಯಾದ ಮದ್ದು. ಅದನ್ನೇ ಮೊದಲು ಮಾಡಿಸಿದರೆ ದುಡ್ಡು ಖರ್ಚಾಗುತ್ತದೆ, ಕಾರು ಮಾತ್ರ ಇನ್ನೂ ಬಡಿಯುತ್ತಲೇ ಇರುತ್ತದೆ. ಆಮೇಲೆ ನೀವು ಮೂರನೇ ಸೈಲೆನ್ಸರ್ ಹುಡುಕಲು ಹೊರಡುತ್ತೀರಿ. ಹೀಗೆ ಆಗಿದ್ದನ್ನು ನಾನು ತುಂಬ ಸಲ ನೋಡಿದ್ದೇನೆ.

ಮೊದಲು ಬೆಳಗಿನ ಪಟಪಟ ನೋಡೋಣ. ತಣ್ಣಗಿರುವಾಗ ಜಾಸ್ತಿ, ಎಂಜಿನ್ ಬಿಸಿಯಾದ ಮೇಲೆ ಕಡಿಮೆ ಆಗುತ್ತದೆ ಅಂದರೆ ಅದು ಹೆಚ್ಚುಕಡಿಮೆ ಸೋರಿಕೆಯೇ. ಕಬ್ಬಿಣ ಬಿಸಿಗೆ ಹಿಗ್ಗಿ ಸಂದು ಬಹುಪಾಲು ಮುಚ್ಚಿಕೊಳ್ಳುತ್ತದೆ, ಅಷ್ಟೇ. ಪತ್ತೆ ಮಾಡುವುದು ಸುಲಭ. ರಾತ್ರಿಯೆಲ್ಲ ನಿಂತ ಕಾರನ್ನು ಸ್ಟಾರ್ಟ್ ಮಾಡಿಸಿ. ದಪ್ಪ ಒದ್ದೆ ಬಟ್ಟೆ ಮಡಚಿ, ಹಿಂದಿನ ಪೈಪಿನ ಬಾಯಿಗೆ ಕೆಲವೇ ಸೆಕೆಂಡು ಒತ್ತಿ ಹಿಡಿಯಲು ಒಬ್ಬರಿಗೆ ಹೇಳಿ. ಕೈಗೆ ದಪ್ಪ ಗ್ಲೌಸ್ ಇರಲಿ. ಎಲ್ಲೆಲ್ಲಿ ತೂತಿದೆಯೋ ಅಲ್ಲೆಲ್ಲ ಆಗ ಬುಸ್ ಅನ್ನುತ್ತದೆ. ಒಂದೂವರೆ ಮೀಟರ್ ರಬ್ಬರ್ ಪೈಪಿನ ಒಂದು ತುದಿ ಕಿವಿ ಹತ್ತಿರ ಇಟ್ಟುಕೊಂಡು, ಇನ್ನೊಂದು ತುದಿಯನ್ನು ಜಾಯಿಂಟುಗಳ ಹತ್ತಿರ ಆಡಿಸಿ. ಡಾಕ್ಟರ ಸ್ಟೆತಾಸ್ಕೋಪಿನ ಹಾಗೆ ಜಾಗ ತೋರಿಸಿಬಿಡುತ್ತದೆ. ಜಾಯಿಂಟಿನ ಸುತ್ತ ಕಪ್ಪು ಮಸಿ ಹತ್ತಿದ್ದರೆ ಅದೂ ಸಾಕ್ಷಿಯೇ.

ಎಂಜಿಬಿಯಲ್ಲಿ ನಾನು ಮೊದಲು ನೋಡುವುದು ಮ್ಯಾನಿಫೋಲ್ಡ್, ಅಂದರೆ ಎಂಜಿನ್ನಿಗೆ ಕೂರಿಸಿದ ಕವಲು ಪೈಪು. ಈ 1798 ಸಿಸಿ ಎಂಜಿನ್ ಬಿಎಂಸಿಯ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ ಸೀರೀಸ್ ಕುಟುಂಬದ್ದು. ನಮ್ಮ ಪೆಟ್ರೋಲ್ ಅಂಬಾಸಿಡರಿನ 1489 ಸಿಸಿ ಎಂಜಿನ್ ಕೂಡ ಅದೇ ಕುಟುಂಬದ್ದು. ಹಾಗಾಗಿ ಅಂಬಾಸಿಡರ್ ಬಿಚ್ಚಿ ಕಟ್ಟಿ ಕೈ ಪಳಗಿದ ಹಿರಿಯ ಮೆಕ್ಯಾನಿಕ್ ಗೋಣಿಕೊಪ್ಪದಲ್ಲೋ ಮೈಸೂರಿನಲ್ಲೋ ಸಿಕ್ಕರೆ ಬಿಡಬೇಡಿ. ಈ ಹೆಡ್, ಅಂದರೆ ಎಂಜಿನ್ನಿನ ಮೇಲ್ಭಾಗ, ಅವರಿಗೆ ಹೊಸದಲ್ಲ. ಗಾಳಿ ಒಳಗೆ ಎಳೆಯುವ ಮ್ಯಾನಿಫೋಲ್ಡ್, ಹೊಗೆ ಹೊರಗೆ ಬಿಡುವ ಮ್ಯಾನಿಫೋಲ್ಡ್ ಎರಡೂ ಹೆಡ್ಡಿನ ಒಂದೇ ಬದಿಯಲ್ಲಿವೆ. ಎರಡನ್ನೂ ಒಂದೇ ದಪ್ಪ ವಾಷರ್ ಸೇರಿಸಿ ಹಿಡಿದುಕೊಳ್ಳುತ್ತದೆ. ಇಲ್ಲೇ ಇರುವುದು ತೊಂದರೆ. ಎರಡರ ಅಂಚಿನ ದಪ್ಪದಲ್ಲಿ ಸ್ವಲ್ಪ ವ್ಯತ್ಯಾಸ ಇದ್ದರೂ ವಾಷರ್ ಓರೆಯಾಗಿ ಕೂರುತ್ತದೆ. ಒಂದು ಬಿಗಿ, ಇನ್ನೊಂದು ಸಡಿಲ. ಸಂದು ಮುಚ್ಚುವ ಹಾಳೆ, ಅಂದರೆ ಗ್ಯಾಸ್ಕೆಟ್, ಎಷ್ಟು ಹೊಸದು ಹಾಕಿದರೂ ತಿಂಗಳೊಳಗೆ ಊದಿಹೋಗುತ್ತದೆ. ಕಂಪನಿಯ ಎರಕದ ಮ್ಯಾನಿಫೋಲ್ಡ್ ತೆಗೆದು ಸ್ಟೀಲ್ ಪೈಪಿನ ಮ್ಯಾನಿಫೋಲ್ಡ್ (ಹೆಡರ್) ಹಾಕಿಸಿದ ಕಾರುಗಳಲ್ಲಿ ಇದು ತುಂಬ ಸಾಮಾನ್ಯ. ದಪ್ಪ ಅಳೆದು, ಕಡಿಮೆ ಇರುವ ಕಡೆ ತಗಡಿನ ಪಟ್ಟಿ ಇಡಿಸಿ, ಇಲ್ಲವೇ ಲೇತಿನಲ್ಲಿ ಮೆಟ್ಟಿಲು ಕೊಟ್ಟ ವಾಷರ್ ಮಾಡಿಸಿ. ನಿಮ್ಮಲ್ಲಿ ಸ್ಟೀಲ್ ಹೆಡರ್ ಇದ್ದು, ಹಳೇ ಎರಕದ ಮ್ಯಾನಿಫೋಲ್ಡ್ ಅಟ್ಟದ ಮೇಲೋ ಶೆಡ್ಡಿನಲ್ಲೋ ಬಿದ್ದಿದ್ದರೆ, ಬಿರುಕಿಲ್ಲ ಅಂತ ನೋಡಿಕೊಂಡು ಅದನ್ನೇ ವಾಪಸ್ ಹಾಕಿಸಿ. ದಪ್ಪ ಎರಕದ ಗೋಡೆ ಸದ್ದನ್ನು ಹೊರಗೆ ಬಿಡುವುದಿಲ್ಲ. ತೆಳು ಪೈಪು ತಾನೇ ಕಂಚಿನ ತಟ್ಟೆಯಂತೆ ಮೊಳಗುತ್ತದೆ.

ಮ್ಯಾನಿಫೋಲ್ಡಿನಿಂದ ಕೆಳಗಿಳಿಯುವ ಜೋಡಿ ಪೈಪಿನ ಆರು ನಟ್‌ಗಳ ಬಗ್ಗೆ ಒಂದು ಮಾತು. ಅವು ಹಿತ್ತಾಳೆಯವೇ ಆಗಿರಬೇಕು. ಕಬ್ಬಿಣದ ನಟ್ ಹಾಕಿದ್ದರೆ ಅದು ಕೂರುವ ಕಡ್ಡಿಗೆ, ಅಂದರೆ ಸ್ಟಡ್ಡಿಗೆ, ತುಕ್ಕು ಹಿಡಿದು ಒಂದಾಗಿಬಿಟ್ಟಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೆಳಿಗ್ಗೆ ನಿಧಾನವಾಗಿ ಹಿಂದೆ ಮುಂದೆ ಆಡಿಸುತ್ತ ಬಿಚ್ಚಿಸಿ. ಸ್ಟಡ್ ಮುರಿದರೆ ಅರ್ಧ ದಿನದ ಕೆಲಸ ನಾಲ್ಕು ದಿನ ಆಗುತ್ತದೆ. ಹಳೇ ಗ್ಯಾಸ್ಕೆಟ್ಟಿನಲ್ಲಿ, ಪೈಪಿಗೆ ಸುತ್ತಿದ ಹಳೇ ಪಟ್ಟಿಯಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಒಣಗಿದ್ದನ್ನು ಕೆರೆಯಬೇಡಿ, ಬ್ರಷ್ ಹೊಡೆಯಬೇಡಿ. ನೀರು ಚಿಮುಕಿಸಿ, ಒದ್ದೆ ಮಾಡಿ, ಮಾಸ್ಕ್ ಹಾಕಿಕೊಂಡು ತೆಗೆಯಿರಿ.

ಕೆಲಸಕ್ಕೆ ಜಾಗ ಯಾವುದು? ತೋಟದ ಮನೆಗಳ ಅಂಗಳ ಬಹಳ ಕಡೆ ಓರೆಯಾಗಿರುತ್ತದೆ. ಕಾಫಿ ಒಣಗಿಸುವ ಕಣ ಇದೆಯಲ್ಲ, ಕಾಂಕ್ರೀಟಿನದು, ಅದೇ ಒಳ್ಳೆಯದು. ಕೊಯ್ಲು ಮುಗಿದ ಮೇಲೆ ಖಾಲಿ ಇರುತ್ತದೆ. ಬರೀ ಜಾಕಿ ನಂಬಿ ಕಾರಿನ ಅಡಿ ಮಲಗಬೇಡಿ. ನಾಲ್ಕು ಗಟ್ಟಿ ಸ್ಟ್ಯಾಂಡ್ ಕೊಟ್ಟು, ಕಾರನ್ನು ಒಮ್ಮೆ ಕೈಯಿಂದ ಅಲುಗಾಡಿಸಿ ನೋಡಿ, ಆಮೇಲೆ ಒಳಗೆ ಹೋಗಿ.

ಈಗ ಮೂರನೇ ಗೇರಿನ ಗುಂಯ್. ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಇದೇ ಅನ್ನಿಸುತ್ತದೆ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಹೊಗೆ ಉಗುಳುತ್ತದೆ. ಎಂಜಿಬಿ ಮೂರನೇ ಗೇರಿನಲ್ಲಿ 55 ಕಿ.ಮೀ. ಹೋಗುವಾಗ ಎಂಜಿನ್ ನಿಮಿಷಕ್ಕೆ ಸುಮಾರು 2600 ಸುತ್ತು ತಿರುಗುತ್ತಿರುತ್ತದೆ. ಲೆಕ್ಕ ಹಾಕಿದರೆ ಸೆಕೆಂಡಿಗೆ 87 ಉಗುಳು. ಅದು ಡೊಳ್ಳಿನಂಥ ತಗ್ಗು ಸದ್ದು. ಪೈಪಿನೊಳಗಿನ ಗಾಳಿ, ಕಾರಿನ ತಗಡು, ಒಳಗಿನ ಖಾಲಿ ಜಾಗ ಮೂರೂ ಆ ಸದ್ದಿಗೆ ಜೊತೆ ಕೊಟ್ಟಾಗ ಗುಂಯ್ ಏಳುತ್ತದೆ. 45ಕ್ಕೆ ಇಲ್ಲ, 65ಕ್ಕೆ ಇಲ್ಲ, 55ಕ್ಕೆ ಮಾತ್ರ ಇದೆ ಅನ್ನುವುದು ಇದಕ್ಕೇ. ಕೊಡಗಿನ ರಸ್ತೆಯಲ್ಲಿ ಮೂರನೇ ಗೇರು ಬಿಟ್ಟು ಮೇಲೆ ಹೋಗುವ ಅವಕಾಶ ಕಡಿಮೆ ಅಲ್ವಾ? ಹಾಗಾಗಿ ನೀವು ದಿನವಿಡೀ ಆ ಜಾಗದಲ್ಲೇ ಇರುತ್ತೀರಿ. ಬಯಲುಸೀಮೆಯ ನೇರ ರಸ್ತೆಯಲ್ಲಿ ಓಡಿಸುವವರಿಗೆ ಇದೇ ಕಾರು ಇಷ್ಟು ಕಾಟ ಕೊಡುವುದಿಲ್ಲ.

ನಿಮ್ಮ ಸ್ಪೋರ್ಟ್ಸ್ ಸೈಲೆನ್ಸರಿನೊಳಗೆ ಏನಿದೆ? ತೂತು ತೂತಿನ ಒಂದು ನೇರ ಪೈಪು, ಅದರ ಸುತ್ತ ಗಾಜಿನ ನಾರು. ಅದು ಚುರುಕು ಸದ್ದನ್ನು, ಅಂದರೆ ಸೀಟಿ, ಚರಚರವನ್ನು ಚೆನ್ನಾಗಿ ಹೀರುತ್ತದೆ. ತಗ್ಗು ಸದ್ದು ಅದಕ್ಕೆ ಸಿಗುವುದೇ ಇಲ್ಲ, ನೇರವಾಗಿ ದಾಟಿ ಹೋಗುತ್ತದೆ. ತಗ್ಗು ಸದ್ದಿಗೆ ಬೇಕಾಗಿರುವುದು ಜಾಗ. ದೊಡ್ಡ ಡಬ್ಬ, ಒಳಗೆ ತಡೆಗೋಡೆ, ಎರಡು ಮೂರು ಕೋಣೆ. ಹೊಗೆ ಕೋಣೆಗೆ ಬಂದು ಹಿಗ್ಗಬೇಕು, ಗೋಡೆಗೆ ಬಡಿದು ವಾಪಸಾದ ಅಲೆ ಬರುವ ಅಲೆಯನ್ನು ಕೊಲ್ಲಬೇಕು.

ಸೈಲೆನ್ಸರ್ ಕೆಲಸದಲ್ಲಿ ನಾನು ಇಟ್ಟುಕೊಂಡಿರುವ ಅಂದಾಜು ಹೀಗಿದೆ. ಎಲ್ಲ ಡಬ್ಬಗಳ ಒಳಜಾಗ ಸೇರಿ ಎಂಜಿನ್ ಸಿಸಿಯ ನಾಲ್ಕೈದು ಪಟ್ಟಾದರೂ ಇರಬೇಕು, ಇನ್ನೂ ಜಾಸ್ತಿ ಇದ್ದರೆ ಒಳ್ಳೆಯದೇ. ನಾಲ್ಕು ಇಂಚು ಅಡ್ಡಳತೆ, ಒಂದಡಿ ಉದ್ದದ ಸ್ಪೋರ್ಟ್ಸ್ ಸೈಲೆನ್ಸರಿನ ಒಳಜಾಗ ಸುಮಾರು ಎರಡೂವರೆ ಲೀಟರ್. ನಿಮ್ಮ 1.8 ಲೀಟರ್ ಎಂಜಿನ್ನಿಗೆ ಅದು ಒಂದೂವರೆ ಪಟ್ಟೂ ಆಗುವುದಿಲ್ಲ. ಐದು ಇಂಚು ಅಡ್ಡಳತೆ, ಹದಿನೆಂಟು ಇಂಚು ಉದ್ದದ್ದು ಒಂದಕ್ಕೆ ಐದೂಮುಕ್ಕಾಲು ಲೀಟರ್ ಬರುತ್ತದೆ. ಅಂಥವು ಎರಡು ಹಾಕಿದರೆ ಹನ್ನೊಂದೂವರೆ ಲೀಟರ್, ಆರು ಪಟ್ಟಿಗಿಂತ ಜಾಸ್ತಿ. ಕಂಪನಿಯವರು ಮುಂದೊಂದು ಹಿಂದೊಂದು ಅಂತ ಎರಡು ಸೈಲೆನ್ಸರ್ ಕೊಟ್ಟಿದ್ದು ಸುಮ್ನೆ ಅಲ್ಲ.

ಹಾಗಾಗಿ ನನ್ನ ಸಲಹೆ ಇದು. ಪೈಪನ್ನು ಮತ್ತೆ ಒಂದೂಮುಕ್ಕಾಲು ಇಂಚಿನ ಹತ್ತಿರಕ್ಕೆ ತನ್ನಿ. ಮುಂದೆ, ಗೇರ್‌ಬಾಕ್ಸಿನ ಹಿಂದೆ, ನಾರು ತುಂಬಿದ ನೇರ ಡಬ್ಬ ಇರಲಿ. ಹಿಂದಿನದು ಕೋಣೆಗಳಿರುವ ದೊಡ್ಡ ಡಬ್ಬ ಆಗಿರಲಿ. ಮುಂದಿನದು ಚರಚರ ತಿನ್ನುತ್ತದೆ, ಹಿಂದಿನದು ಗುಂಯ್ ತಿನ್ನುತ್ತದೆ. ನಡುವೆ ಉಳಿಯುವ ತುಂಬಿದ ಗಂಟಲಿನ ಸದ್ದೇ ನಿಮ್ಮ ದೊಡ್ಡಪ್ಪ ಮೆಚ್ಚಿದ ದನಿ. ಎರಡನ್ನೂ ಒಂದಕ್ಕೊಂದು ಅಂಟಿಸಿ ಕೂರಿಸಬೇಡಿ, ನಡುವೆ ಉದ್ದ ಪೈಪು ಬೇಕು. ಸಿದ್ಧ ಸೆಟ್ ತರಿಸುವುದಾದರೆ ಎಂಜಿಬಿಗೆ ಹೊರದೇಶದಲ್ಲಿ ಇವತ್ತಿಗೂ ಕಂಪನಿ ಮಾದರಿಯ ಎಕ್ಸಾಸ್ಟ್ ಸಿಗುತ್ತದೆ. ಹಣ ಹೊಂದುವುದಾದರೆ ಅದೇ ನೆಮ್ಮದಿ.

ಇಷ್ಟಾದ ಮೇಲೂ 55ರಲ್ಲಿ ಸ್ವಲ್ಪ ಗುಂಯ್ ಉಳಿದರೆ ಇನ್ನೊಂದು ದಾರಿ ಇದೆ. ಮುಖ್ಯ ಪೈಪಿಗೆ ಒಂದು ಕುರುಡು ಕೊಂಬೆ ವೆಲ್ಡ್ ಮಾಡಿಸುವುದು. ಒಂದು ತುದಿ ಪೈಪಿಗೆ ತೆರೆದಿರುತ್ತದೆ, ಇನ್ನೊಂದು ತುದಿ ಮುಚ್ಚಿರುತ್ತದೆ. ಸದ್ದಿನ ಅಲೆ ಕೊಂಬೆಯ ಕೊನೆಗೆ ಹೋಗಿ ಬಡಿದು ವಾಪಸ್ ಬರುವಾಗ ಮುಖ್ಯ ಪೈಪಿನ ಅಲೆಗೆ ಎದುರಾಗುತ್ತದೆ, ಎರಡೂ ಸೇರಿ ಸಾಯುತ್ತವೆ. ಕೊಂಬೆಯ ಉದ್ದ ಆ ಸದ್ದಿನ ಅಲೆಯ ಕಾಲು ಭಾಗ ಇರಬೇಕು. ಕೊಂಬೆಯೊಳಗೆ ನಿಂತ ಹೊಗೆ 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದೆ ಅಂದುಕೊಂಡರೆ, ಸದ್ದು ಅದರಲ್ಲಿ ಸೆಕೆಂಡಿಗೆ ಸುಮಾರು 410 ಮೀಟರ್ ಓಡುತ್ತದೆ. ಅದನ್ನು 87ರಿಂದ ಭಾಗಿಸಿ, ಮತ್ತೆ ನಾಲ್ಕರಿಂದ ಭಾಗಿಸಿ. 1.2 ಮೀಟರ್ ಹತ್ತಿರ ಬರುತ್ತದೆ. ಮೊದಲು ಸ್ವಲ್ಪ ಉದ್ದವೇ ಮಾಡಿಸಿ, ಓಡಿಸಿ ನೋಡಿ, ಎರಡೆರಡು ಸೆಂಟಿಮೀಟರ್ ಕತ್ತರಿಸುತ್ತ ಬನ್ನಿ. ಇದು ಒಂದೇ ಶ್ರುತಿಯನ್ನು ಹಿಡಿಯುವ ಉಪಾಯ. ದೊಡ್ಡ ಡಬ್ಬದ ಬದಲಿಗೆ ಇದನ್ನೇ ಮಾಡಿಸಿ ಕೂರಬೇಡಿ.

ಪೈಪಿನ ಬಾಯಿಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರು ತುರುಕುವ ಸಲಹೆಯೂ ಯಾರಾದರೂ ಕೊಟ್ಟಾರು. ಬೇಡವೇ ಬೇಡ. ಹೊಗೆ ಕಟ್ಟಿಕೊಂಡು ಎಂಜಿನ್ ಬಿಸಿಯಾಗುತ್ತದೆ, ಒಂದು ದಿನ ಕೆಂಪಗೆ ಕಾದ ನಾರಿನ ಉಂಡೆ ಹೊರಗೆ ಹಾರುತ್ತದೆ. ಫೆಬ್ರವರಿ–ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬರುವ ಮುಂಚೆ ತೋಟದಲ್ಲಿ ಒಣ ತರಗೆಲೆ ಎಷ್ಟು ಬಿದ್ದಿರುತ್ತದೆ ಅಂತ ನಿಮಗೇ ಗೊತ್ತು. ನಾರು ಇಲ್ಲದಿದ್ದರೂ ಅಷ್ಟೇ, ಬಿಸಿ ಸೈಲೆನ್ಸರಿನ ಕಾರನ್ನು ಆ ದಿನಗಳಲ್ಲಿ ತರಗೆಲೆ ಮೇಲೆ ನಿಲ್ಲಿಸಬೇಡಿ. ಎಂಜಿಬಿ ನೆಲಕ್ಕೆ ತುಂಬ ಹತ್ತಿರದ ಕಾರು.

ಘಾಟಿಯ ಚಟ್ ಪಟ್‌ಗೆ ಬರೋಣ. ಇಳಿಯುವಾಗ ನೀವು ಆಕ್ಸಲರೇಟರ್ ಬಿಟ್ಟು ಗೇರಿನಲ್ಲೇ ತಡೆಯುತ್ತೀರಿ. ಆಗ ಸಿಲಿಂಡರಿನಲ್ಲಿ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ. ಉಳಿದದ್ದು ಪೈಪಿಗೆ ಬರುತ್ತದೆ. ಎಲ್ಲಿಂದಲೋ ಹೊಸ ಗಾಳಿ ಸೇರಿದರೆ ಬಿಸಿ ಪೈಪಿನಲ್ಲೇ ಹೊತ್ತಿಕೊಂಡು ಸಿಡಿಯುತ್ತದೆ. ಆ ಗಾಳಿ ಬರುವುದು ಎಲ್ಲಿಂದ? ಬೆಳಿಗ್ಗೆ ಪಟಪಟ ಅಂದ ಅದೇ ಸಂದಿನಿಂದ. ಸೋರಿಕೆ ಮುಚ್ಚಿದ ಮೇಲೆ ಸಿಡಿತ ಅರ್ಧಕ್ಕರ್ಧ ನಿಂತರೂ ಆಶ್ಚರ್ಯ ಇಲ್ಲ.

ಉಳಿದದ್ದಕ್ಕೆ ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ನೋಡಿಸಿ. ಕಿಡಿ ತಡವಾದರೆ ಬೆಂಕಿ ಇನ್ನೂ ಉರಿಯುತ್ತಿರುವಾಗಲೇ ವಾಲ್ವ್ ತೆರೆಯುತ್ತದೆ. ಸದ್ದೂ ಜಾಸ್ತಿ, ಮ್ಯಾನಿಫೋಲ್ಡಿನ ಬಿಸಿಯೂ ಜಾಸ್ತಿ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪನ್ನು ಒಮ್ಮೆ ಕೈಯಲ್ಲಿ ಹಿಡಿದು ಬಾಗಿಸಿ ನೋಡಿ. ಬಿರುಕು ಬಿಟ್ಟಿದ್ದರೆ ಬದಲಿಸಿ. ಅಗ್ಗದ ಪೈಪು ಅದು, ಕೆಟ್ಟರೆ ಇಡೀ ಕಾರು ಒರಟಾಗುತ್ತದೆ.

ಆಮೇಲೆ ಗಾಳಿಗೆ ಪೆಟ್ರೋಲ್ ಬೆರೆಸುವ ಎರಡು ಎಸ್‌ಯು ಕಾರ್ಬುರೇಟರ್‌ಗಳು. ಮಡಿಕೇರಿ ಸಮುದ್ರಮಟ್ಟದಿಂದ 1100 ಮೀಟರಿಗಿಂತ ಮೇಲಿದೆ, ಅಲ್ಲಿ ಗಾಳಿ ತೆಳು. ಕೆಳಗೆ ಮಂಗಳೂರಿನಲ್ಲಿ ಹೊಂದಿಸಿದ ಕಾರು ಮೇಲೆ ಬಂದರೆ ಪೆಟ್ರೋಲ್ ಪಾಲು ಜಾಸ್ತಿಯಾಗುತ್ತದೆ. ಇನ್ನೊಂದು ಕಡೆ, ಈಗ ಬಂಕ್‌ನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇದೆ. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುವುದರಿಂದ ಮಿಶ್ರಣ ತೆಳುವಾಗುತ್ತದೆ. ಒಂದು ಆ ಕಡೆ ಎಳೆಯುತ್ತದೆ, ಇನ್ನೊಂದು ಈ ಕಡೆ. ಹಾಗಾಗಿ ಪುಸ್ತಕದ ಲೆಕ್ಕ ಸಾಲದು, ನಿಮ್ಮ ಊರಿನಲ್ಲೇ ಹೊಂದಿಸಬೇಕು. ಎಂಜಿನ್ ಬಿಸಿಯಾದ ಮೇಲೆ ಕಾರ್ಬುರೇಟರಿನ ಪಿಸ್ಟನನ್ನು ಅದರ ಪಿನ್ನಿನಿಂದ ಒಂದು ಮಿಲಿಮೀಟರಿನಷ್ಟು ಮಾತ್ರ ಎತ್ತಿ. ಎಂಜಿನ್ ಒಂದು ಕ್ಷಣ ತುಸು ಏರಿ ಮತ್ತೆ ಮೊದಲಿನಂತಾದರೆ ಸರಿ ಇದೆ. ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ. ಸೊರಗಿ ನಿಲ್ಲುವ ಹಾಗಾದರೆ ಕಡಿಮೆ. ಇ20ಗೆ ಹಳೇ ರಬ್ಬರ್ ಪೈಪುಗಳೂ ಮೆತ್ತಗಾಗಿ ಸೋರುತ್ತವೆ. ಬಿಸಿ ಮ್ಯಾನಿಫೋಲ್ಡ್ ಕಾರ್ಬುರೇಟರಿನ ಪಕ್ಕದಲ್ಲೇ ಇದೆ, ಬೆಂಕಿಯ ಅಪಾಯ. ಎಥನಾಲ್ ತಡೆಯುವ ಪೈಪು ಹಾಕಿಸಿ.

ಘಾಟಿ ಇಳಿಯುವಾಗ ಕೆಲವರು ಪೆಟ್ರೋಲ್ ಉಳಿಸಲು ಕೀ ತಿರುಗಿಸಿ ಎಂಜಿನ್ ಆಫ್ ಮಾಡುತ್ತಾರೆ. ಆಗ ಉರಿಯದ ಪೆಟ್ರೋಲ್ ಹಬೆ ಸೈಲೆನ್ಸರ್ ತುಂಬ ಸೇರುತ್ತದೆ. ಮತ್ತೆ ಆನ್ ಮಾಡಿದ ಕ್ಷಣ ಬಾಂಬಿನಂತೆ ಸಿಡಿದು ಡಬ್ಬದ ಹೊಲಿಗೆಯೇ ಬಿಟ್ಟುಹೋಗಬಹುದು. ಬ್ರೇಕ್ ಒತ್ತಲು ನೆರವಾಗುವ ಬೂಸ್ಟರ್ ಇರುವ ಕಾರಾದರೆ ಬ್ರೇಕೂ ಗಟ್ಟಿಯಾಗುತ್ತದೆ. ಅದನ್ನು ಎಂದೂ ಮಾಡಬೇಡಿ.

ಪವರ್ ಹೋಗುತ್ತದಾ ಅಂತ ಕೇಳಿದ್ದೀರಿ. ನಿಮಗೆ ಗೊತ್ತಾಗುವಷ್ಟು ಹೋಗುವುದಿಲ್ಲ. ಈ ಎಂಜಿನ್ ತನ್ನ ಪೂರ್ತಿ ಶಕ್ತಿ ಕೊಡುವುದು 5000 ಸುತ್ತು ದಾಟಿದ ಮೇಲೆ. ಕೊಡಗಿನ ತಿರುವುಗಳಲ್ಲಿ ನೀವು ಇರುವುದು 2000–3500ರಲ್ಲಿ. ಅಲ್ಲಿ ಸರಿಯಾದ ಅಳತೆಯ ಎರಡು ಡಬ್ಬ ಎಂಜಿನ್ನಿನ ಉಸಿರು ಕಟ್ಟಿಸುವುದಿಲ್ಲ. ಸೈಲೆನ್ಸರಿನ ತಡೆ ಇಲ್ಲದಿದ್ದರೆ ವಾಲ್ವ್ ಸುಡುತ್ತದೆ ಅನ್ನುವ ಮಾತೂ ನಿಮ್ಮ ಕಿವಿಗೆ ಬಿದ್ದಿರಬಹುದು. ಅದೂ ತಪ್ಪು. ವಾಲ್ವ್ ಸುಡುವುದು ತೆಳು ಮಿಶ್ರಣಕ್ಕೆ, ವಾಲ್ವ್ ಸರಿಯಾಗಿ ಕೂರದಿದ್ದುದಕ್ಕೆ.

ಕೊಡಗಿನಲ್ಲಿ ಸೈಲೆನ್ಸರಿನ ದೊಡ್ಡ ಶತ್ರು ನೀರು, ಅದೂ ಒಳಗಿನ ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹಬೆಯಾಗಿ ಹುಟ್ಟುತ್ತದೆ. ದೂರ ಓಡಿಸಿದರೆ ಡಬ್ಬ ಕಾದು ಹಬೆ ಹೊರಗೆ ಹೋಗುತ್ತದೆ. ತೋಟದಿಂದ ಅಂಗಡಿಗೆ, ಅಂಗಡಿಯಿಂದ ತೋಟಕ್ಕೆ ಎರಡು ಮೂರು ಕಿ.ಮೀ. ಓಡಿಸಿದರೆ ಅದು ಒಳಗೇ ನೀರಾಗಿ ನಿಲ್ಲುತ್ತದೆ. ಜೂನ್–ಜುಲೈನಲ್ಲಿ ಕೇಳುವುದೇ ಬೇಡ. ನನ್ನ ಹತ್ತಿರ ಬಂದ ಒಂದು ಕಾರಿನ ಡಬ್ಬ ಹೊರಗೆ ಹೊಳೆಯುತ್ತಿತ್ತು, ಕತ್ತರಿಸಿದಾಗ ಒಳಗಿನ ತಡೆಗೋಡೆಗಳು ತುಕ್ಕಿನ ಪುಡಿಯಾಗಿ ಕೆಳಗೆ ಸುರಿದವು. ಪಾಪ, ಅವರು ಒಂದು ವರ್ಷದಿಂದ ಸದ್ದು ಯಾಕೆ ಏರುತ್ತಿದೆ ಅಂತ ಕಾರ್ಬುರೇಟರ್ ರಿಪೇರಿ ಮಾಡಿಸುತ್ತಿದ್ದರು. ಡಬ್ಬವನ್ನು ಕೈಮುಷ್ಟಿಯಿಂದ ತಟ್ಟಿದಾಗ ಒಳಗೆ ಗಲಗಲ ಅಂದರೆ ಅದರ ಆಯಸ್ಸು ಮುಗಿದಿದೆ.

ಹಾಗಾಗಿ ಡಬ್ಬದ ತಗ್ಗಿನ ಜಾಗದಲ್ಲಿ ಮೂರು ಮಿಲಿಮೀಟರಿನ ಒಂದು ತೂತು ಇರಲಿ. ಅದರಿಂದ ಸದ್ದು ಏರುವುದಿಲ್ಲ, ನೀರು ಇಳಿದುಹೋಗುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಚೆನ್ನಾಗಿ ಓಡಿಸಿ. ಲೋಹ ಯಾವುದು ಅಂದರೆ, ನಮ್ಮ ಮಳೆಗೆ ಸ್ಟೇನ್‌ಲೆಸ್ ಸ್ಟೀಲೇ ಸರಿ. ಆದರೆ ತೆಳು ಸ್ಟೇನ್‌ಲೆಸ್ ಡಬ್ಬ ಟಣಟಣ ಅನ್ನುತ್ತದೆ. ಹೊರಕವಚ ಎರಡು ಪದರ ಇರಲಿ, ಇಲ್ಲವೇ ದಪ್ಪ ತಗಡು ಇರಲಿ. ಒಳಗೆ ತುಂಬುವ ನಾರು ಬಿಸಿ ತಡೆಯುವ ಬಸಾಲ್ಟ್ ನಾರಾಗಿರಲಿ. ಒಮ್ಮೆ ಒಂದು ಶೆಡ್ಡಿನಲ್ಲಿ ನನ್ನದೇ ಕಾರಿಗೆ ಎಸಿ ಡಕ್ಟಿಗೆ ಸುತ್ತುವ ಗಾಜಿನ ಉಣ್ಣೆ ತುಂಬಿ ಕೊಟ್ಟರು. ಮೂರು ತಿಂಗಳಿಗೆ ಎಲ್ಲ ಹಾರಿಹೋಗಿ ಬರೀ ಡಬ್ಬ ಉಳಿದಿತ್ತು. ನೀವು ತುಂಬಿಸುವಾಗ ಎದುರಿಗೇ ನಿಂತು ನೋಡಿ.

ಕಾರಿನೊಳಗಿನ ಸದ್ದಿಗೆ ಎಷ್ಟೋ ಸಲ ಪೈಪು ಬಾಡಿಗೆ ತಾಗುವುದೇ ಕಾರಣ. ತೋಟದ ರಸ್ತೆಯ ಕಲ್ಲಿಗೆ ಬಡಿದು ಪೈಪು ಒಂದು ಬೆರಳು ಮೇಲೆದ್ದಿದ್ದರೂ ಸಾಕು, ಇಡೀ ನೆಲದ ತಗಡು ಮೊಳಗುತ್ತದೆ. ತೂಗುವ ರಬ್ಬರುಗಳು ಹೊಸದಿರಲಿ, ಸುತ್ತ ಎರಡು ಸೆಂಟಿಮೀಟರ್ ಜಾಗ ಇರಲಿ. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ತೂತುಗಳಿಗೆ ರಬ್ಬರ್ ಬುಶ್ ಇದೆಯಾ ನೋಡಿ. ಕಾರ್ಪೆಟ್ ಅಡಿಗೆ ಫೆಲ್ಟ್, ಸ್ಪಂಜು ಹಾಕಿಸಲೇಬೇಡಿ. ಬಟ್ಟೆ ಟಾಪಿನ ಕಾರು ನಮ್ಮ ಮಳೆಯಲ್ಲಿ ಸೋರದೇ ಇರುವುದಿಲ್ಲ. ಅವು ನೀರು ಹಿಡಿದು ನೆಲವನ್ನೇ ತಿಂದುಬಿಡುತ್ತವೆ. ನೀರು ಕುಡಿಯದ ಫೋಮ್ ಹಾಳೆ ಸಿಗುತ್ತದೆ, ಅದನ್ನು ಹಾಕಿಸಿ.

ಹಿಂದಿನ ಪೈಪು ಬಂಪರಿನಿಂದ ಸ್ವಲ್ಪ ಆಚೆಗೆ ಚಾಚಿರಬೇಕು. ಟಾಪ್ ತೆರೆದು ಓಡಿಸುವಾಗ ಹಿಂದಿನ ಗಾಳಿ ಸುತ್ತಿಕೊಂಡು ಒಳಗೇ ಬರುತ್ತದೆ. ಹೊಗೆಯಲ್ಲಿರುವ ವಿಷಗಾಳಿ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಅಮ್ಮನ ತಲೆನೋವು ಬರೀ ಸದ್ದಿನಿಂದಲೇ ಬಂದದ್ದಾ ಅಂತ ನನಗೆ ಯೋಚನೆ. ಸೋರಿಕೆ ಮುಚ್ಚುವವರೆಗೆ ಅವರನ್ನು ಆ ಕಾರಿನಲ್ಲಿ ಕರೆದುಕೊಂಡು ಹೋಗಬೇಡಿ.

ಬೆಳಗಿನ ಹೊತ್ತಿನ ಬಗ್ಗೆ. ಚಳಿಗಾಲದ ಬೆಳಿಗ್ಗೆ ಗದ್ದೆ ಬಯಲಿನಲ್ಲಿ ಮಂಜು ಕೂತಾಗ ಕೆಳಗೆ ತಣ್ಣನೆ ಗಾಳಿ, ಮೇಲೆ ಬೆಚ್ಚನೆ ಗಾಳಿ ಇರುತ್ತದೆ. ಸದ್ದು ಮೇಲೆ ಹೋಗದೆ ಮತ್ತೆ ನೆಲಕ್ಕೇ ಬಾಗುತ್ತದೆ. ಮಧ್ಯಾಹ್ನ ಕೇಳದ ಸದ್ದು ಆಗ ಆಚೆ ಗುಡ್ಡದ ಮನೆಗೂ ಕೇಳುತ್ತದೆ. ತಗಡಿನ ಶೆಡ್ಡಿನೊಳಗೆ ಸ್ಟಾರ್ಟ್ ಮಾಡಿದರೆ ಶೆಡ್ಡೇ ಮೈಕ್ ಆಗುತ್ತದೆ, ಹೊಗೆಯೂ ತುಂಬುತ್ತದೆ. ತಳ್ಳಿ ಹೊರಗೆ ತಂದು, ಲೈನ್ ಮನೆಗೆ ಬೆನ್ನು ಮಾಡದ ಹಾಗೆ ನಿಲ್ಲಿಸಿ ಸ್ಟಾರ್ಟ್ ಮಾಡಿ. ಚೋಕ್ ಎಳೆದು ಹತ್ತು ನಿಮಿಷ ನಿಲ್ಲಿಸಬೇಕಾಗಿಲ್ಲ. ಅರ್ಧ ನಿಮಿಷಕ್ಕೆ ಮೆಲ್ಲಗೆ ಹೊರಡಿ.

ಕಾನೂನೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದಂತೆ ಪ್ರತಿ ವಾಹನಕ್ಕೂ ಸದ್ದು ತಗ್ಗಿಸುವ ಸೈಲೆನ್ಸರ್ ಇರಲೇಬೇಕು. ಶಬ್ದದ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಲ್ಲಿ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ನಿಮ್ಮ ಕಾರಿಗೆ 50 ವರ್ಷ ದಾಟಿದೆ. 2021ರ ನಿಯಮದಲ್ಲಿ ವಿಂಟೇಜ್ ಅಂತ ನೋಂದಾಯಿಸುವ ಯೋಚನೆ ಇದ್ದರೆ, ಕಾರು ಮೂಲ ರೂಪದಲ್ಲಿರುವುದು ಮುಖ್ಯ. ಆದರೆ ಹಾಗೆ ನೋಂದಾಯಿಸಿದ ಮೇಲೆ ದಿನನಿತ್ಯ ಓಡಿಸುವಂತಿಲ್ಲ, ಅದನ್ನು ಯೋಚಿಸಿಕೊಳ್ಳಿ. ಬಿಚ್ಚಿದ ಹಳೇ ಭಾಗ ಯಾವುದನ್ನೂ ಗುಜರಿಗೆ ಹಾಕಬೇಡಿ.

ಕೆಲಸಕ್ಕೆ ಮುಂಚೆ ಒಮ್ಮೆ, ಪ್ರತಿ ಹಂತದ ನಂತರ ಒಮ್ಮೆ ಸದ್ದು ಅಳೆಯಿರಿ. ಮೊಬೈಲ್ ಆ್ಯಪ್ ಸಾಕು. ಪೈಪಿನ ಬಾಯಿಂದ ಅರ್ಧ ಮೀಟರ್ ದೂರ, 45 ಡಿಗ್ರಿ ಓರೆಯಲ್ಲಿ ಹಿಡಿದು, ಪ್ರತಿ ಸಲವೂ ಅದೇ 2600 ಸುತ್ತಿನಲ್ಲಿ. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧ ಆದಂತೆ ಕೇಳುತ್ತದೆ. ಅಷ್ಟು ಸಿಕ್ಕರೆ ಅಲ್ಲಿಗೆ ನಿಲ್ಲಿಸಿ, ದೊಡ್ಡಪ್ಪನನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ.

ಹೊಸ ಡಬ್ಬ ಹಾಕಿದ ಮೊದಲ ದಿನ ಎಣ್ಣೆ ಸುಟ್ಟ ವಾಸನೆ, ಸ್ವಲ್ಪ ಬಿಳಿ ಹೊಗೆ ಬರುತ್ತದೆ. ಗಾಬರಿ ಬೇಡ. 200 ಕಿ.ಮೀ. ಓಡಿದ ಮೇಲೆ ಎಂಜಿನ್ ತಣ್ಣಗಿರುವಾಗ ಎಲ್ಲ ಕ್ಲ್ಯಾಂಪು, ಮ್ಯಾನಿಫೋಲ್ಡ್ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ. ಹೊಸ ಗ್ಯಾಸ್ಕೆಟ್ ಆ ಹೊತ್ತಿಗೆ ಒಂದಿಷ್ಟು ಕುಗ್ಗಿರುತ್ತದೆ.